ಕೋಲಾರದ ಚಿತ್ರಗಳಿಗೆ ಗೋಡೆ ಎಲ್ಲಿ?

ಉತ್ತರ ಚೆನ್ನೈನ ಮಕ್ಕಳು ತೆಗೆದ ಛಾಯಾಚಿತ್ರಗಳ ಸಣ್ಣದೊಂದು ಪ್ರದರ್ಶನಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಭಾನುವಾರ ಮಧ್ಯಾಹ್ನ ನನ್ನನ್ನು ಬಲವಂತವಾಗಿ ಎಳೆದುಕೊಂಡು ಹೋಗಿದ್ದರು. ಊಟ ಮುಗಿಸಿ ಒಂದಿಷ್ಟು ಅಡ್ಡಾಗುವ ಹೊತ್ತಿನಲ್ಲಿ ಹೊರಟದ್ದರಿಂದ ನನಗೆ ಅಷ್ಟೇನೂ ಉತ್ಸಾಹವಿರಲಿಲ್ಲ. ಒಂದು ಚಿತ್ರದ ಮುಂದೆ ಮಾತ್ರ ಕಾಲು ತಾನಾಗಿ ನಿಂತಿತು. ಹೆಂಗಸೊಬ್ಬಳು ನೆಲದ ಮೇಲೆ ಕುಳಿತು ಮೀನು ಹೆಚ್ಚುತ್ತಿದ್ದಾಳೆ. ಮುಂಗೈವರೆಗೂ ಹುರುಪೆ ಅಂಟಿ ಹೊಳೆಯುತ್ತಿದೆ. ಮುಖ ಅರ್ಧ ಚೌಕಟ್ಟಿನ ಹೊರಗಿದೆ. ಚಿತ್ರ ತೆಗೆದವಳು ಪಕ್ಕದಲ್ಲೇ ನಿಂತಿದ್ದಳು, ಒಂಬತ್ತನೆಯ ತರಗತಿಯ ಹುಡುಗಿ. “ಅಂಕಲ್, ನಿಮಗೆ ಮೊದಲು ಏನು ಕಂಡಿತು?” ಎಂದು ತಮಿಳಿನಲ್ಲಿ ಕೇಳಿದಳು. ಕೈ ಎಂದೆ. “ಎಲ್ಲರೂ ಕೈ ಎನ್ನುತ್ತಾರೆ, ನಾನು ತೆಗೆದದ್ದು ಅಮ್ಮನ ತಾಳಿಯನ್ನು” ಎಂದಳು. ಮತ್ತೆ ನೋಡಿದೆ. ಮೀನಿನ ನೀರು ಸಿಡಿಯದಿರಲೆಂದು ಆ ತಾಯಿ ತಾಳಿಯ ಸರವನ್ನು ಬೆನ್ನ ಮೇಲಕ್ಕೆ ಎಸೆದುಕೊಂಡಿದ್ದಳು. ನನ್ನ ಅಮ್ಮನೂ ರಾಗಿ ಬೀಸಲು ಕುಳಿತಾಗ ಹಾಗೆಯೇ ಮಾಡುತ್ತಿದ್ದಳು.

ನನ್ನ ತಮಿಳಿನ ಧಾಟಿ ಕೇಳಿ ಹುಡುಗಿ ನನ್ನ ಊರು ಯಾವುದೆಂದು ವಿಚಾರಿಸಿದಳು. ಕೋಲಾರ ಎಂದೆ. ಕೆಜಿಎಫ್ ಎಂದು ಅವಳು ಕಣ್ಣರಳಿಸಿದಳು. ಅದರ ಪಕ್ಕ ಎಂದು ತಿದ್ದಿದೆ. ಆಗ ಅವಳು ತೀರ ಸಹಜವಾಗಿ, ನೆಂಟರ ಮನೆಯ ಯೋಗಕ್ಷೇಮ ಕೇಳುವವಳಂತೆ, “ಅಲ್ಲಿ ಯಾರು ಫೋಟೋ ತೆಗೆಯುತ್ತಾರೆ?” ಎಂದಳು. ಅವಳ ಮಾತಿನಲ್ಲಿ ಕೊಂಕೇನೂ ಇರಲಿಲ್ಲ. ಆದರೂ ಅದು ನನಗೆ ನಾಟಿತು. ಚೆನ್ನೈನಲ್ಲಿ ನಾನು 22 ವರ್ಷಗಳಿಂದ ಇದ್ದೇನೆ, ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ನೋಡುವುದು ನನ್ನ ಕೆಲಸ. ಊರಿನ ಮಾತು ಬಂದರೆ ನಾನು ಹಿಂದೆ ಬೀಳುವವನಲ್ಲ. ಮುಳಬಾಗಿಲು ದೋಸೆ, ಟೊಮೆಟೊ ಮಂಡಿ, 1902ರಲ್ಲೇ ಶಿವನಸಮುದ್ರದಿಂದ ಚಿನ್ನದ ಗಣಿಗೆ ಬಂದ ವಿದ್ಯುತ್ತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ಅಂದು ಮಾತ್ರ ನಾಲಿಗೆಯ ತುದಿಗೆ ಬಂದ ಹೆಸರನ್ನು ನುಂಗಿಕೊಂಡೆ. ಅದು ನನ್ನ ಅಕ್ಕನ ಮಗನ ಹೆಸರು. ಅವನು ತೆಗೆದ ಚಿತ್ರಗಳನ್ನು ನಾನೇ ಫೋನಿನ ಪರದೆಯ ಆಚೆಗೆ ಎಲ್ಲಿಯೂ ಕಂಡಿರಲಿಲ್ಲ.

ಅವನಿಗೆ ಈಗ 24 ವರ್ಷ. ಊರವರ ಲೆಕ್ಕದಲ್ಲಿ ಅವನು ಮದುವೆ ಫೋಟೋದವನು. ಛತ್ರದಲ್ಲಿ ಅವನಿಗಿಂತ ಹಿರಿಯರು ವೇದಿಕೆಯ ಮುಂದೆ ನಿಂತು ಸಾಲಾಗಿ ಬರುವ ಬಂಧುಗಳ ಗುಂಪುಚಿತ್ರ ತೆಗೆಯುತ್ತಾರೆ. ಇನ್ನೊಬ್ಬ ಡ್ರೋನ್ ಹಾರಿಸುತ್ತಾನೆ. ಇವನದು ಕ್ಯಾಂಡಿಡ್, ಅಂದರೆ ಯಾರಿಗೂ ಗೊತ್ತಾಗದಂತೆ ನಗು, ಅಳು, ತುಂಟತನ ಹಿಡಿಯುವ ಕೆಲಸ. ಆರತಕ್ಷತೆಯ ರಾತ್ರಿಯಿಂದ ಮರುದಿನ ಧಾರೆ ಮುಗಿಯುವವರೆಗೆ ನಿದ್ದೆಯಿಲ್ಲ, ಊಟ ಕೊನೆಯ ಪಂಕ್ತಿಯಲ್ಲಿ. ಮದುವೆಗೆ ಮುಂಚಿನ ಚಿತ್ರೀಕರಣಕ್ಕೆ ಜೋಡಿಗಳನ್ನು ನಂದಿಬೆಟ್ಟಕ್ಕೋ ಆವಲಬೆಟ್ಟಕ್ಕೋ ಕರೆದುಕೊಂಡು ಹೋಗಿ, ಬಣ್ಣದ ಹೊಗೆ ಬಿಡಿಸಿ, ಹುಡುಗಿಯ ಸೆರಗನ್ನು ಗಾಳಿಗೆ ಹಾರಿಸಲು ಗೆಳೆಯನನ್ನು ಬಂಡೆಯ ಹಿಂದೆ ಬಗ್ಗಿಸಿ ಕೂರಿಸುವ ಕೆಲಸವನ್ನೂ ಇವನು ಮಾಡುತ್ತಾನೆ. ಇದನ್ನು ನಾನು ಹೀಗಳೆಯುವುದಿಲ್ಲ. ಅವನ ತಂಗಿಯ ಕಾಲೇಜಿನ ಶುಲ್ಕ ಕಟ್ಟಿದ್ದು ಆ ಹಾರುವ ಸೆರಗುಗಳೇ.

ಅವನಿಗೆ ಇನ್ನೊಂದು ಚಾಳಿ ಇರುವುದು ನನಗೆ ತಿಳಿದದ್ದು 2023ರ ಜುಲೈನಲ್ಲಿ. ಆ ತಿಂಗಳು ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ದಿಲ್ಲಿಯಿಂದೆಲ್ಲ ಕ್ಯಾಮೆರಾಗಳು ಬಂದವು. ಬಾಕ್ಸಿನ ಪಕ್ಕ ನಗುತ್ತ ನಿಂತ ರೈತ, ಹರಾಜು ಕೂಗುವವನ ಎತ್ತಿದ ಕೈ, ಹೊಲಕ್ಕೆ ರಾತ್ರಿ ಕಾವಲು ಕುಳಿತವನ ಟಾರ್ಚು, ಇವೆಲ್ಲ ಪತ್ರಿಕೆಗಳಲ್ಲಿ ಬಂದವು. ಇವನು ಅದೇ ಮಂಡಿಗೆ ಬೆಳಗಿನ ಜಾವ ಮೂರು ಗಂಟೆಗೆ ಹೋಗಿ, ಒಡೆದು ಬಿದ್ದ ಹಣ್ಣುಗಳನ್ನು ಆಯ್ದು ಮಡಿಲಿಗೆ ಹಾಕಿಕೊಳ್ಳುತ್ತಿದ್ದ ಒಬ್ಬ ಅಜ್ಜಿಯನ್ನು ಚಿತ್ರಿಸಿದ್ದ. ಎರಡು ತಿಂಗಳ ನಂತರ ಬೆಲೆ ನೆಲಕಚ್ಚಿ, ಬಂದ ಕ್ಯಾಮೆರಾಗಳೆಲ್ಲ ಬೇರೆ ಸುದ್ದಿಯ ಬೆನ್ನು ಹತ್ತಿದ ಮೇಲೂ ಇವನು ಹೋದ. ಅಜ್ಜಿ ಅಲ್ಲೇ ಇದ್ದಳು. ಈಗ ಆಯುವುದಕ್ಕೆ ಇಡೀ ರಾಶಿಯೇ ಇತ್ತು, ಆದರೆ ಅವಳ ಮಡಿಲು ಖಾಲಿಯಿತ್ತು, ಏಕೆಂದರೆ ಆ ಹಣ್ಣನ್ನು ಮನೆಗೆ ಹೊತ್ತುಕೊಂಡು ಹೋಗಿ ಮಾಡುವುದಾದರೂ ಏನು? ಈ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಅವನು ನನಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ. ಕೃಷಿ ಮಾರುಕಟ್ಟೆಯ ಬಗ್ಗೆ ನಾನು ಓದಿದ ಯಾವ ಲೇಖನವೂ ಬೆಲೆ ಎಂಬುದನ್ನು ನನಗೆ ಹಾಗೆ ತೋರಿಸಿಕೊಟ್ಟಿರಲಿಲ್ಲ. ಒಂದು ಹೆಬ್ಬೆಟ್ಟಿನ ಗುರುತು ಒತ್ತಿ ಸುಮ್ಮನಾದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಚೆನ್ನೈನಲ್ಲಿ ಇಂಥ ಚಿತ್ರಕ್ಕೆ ಏನಾಗುತ್ತಿತ್ತು ಎಂಬುದೇ ನನ್ನ ತಲೆಯನ್ನು ಕೊರೆಯುತ್ತಿರುವ ಸಂಗತಿ. ಇಲ್ಲಿ 2016ರಲ್ಲಿ ಮೊದಲ ಬಾರಿಗೆ ಛಾಯಾಚಿತ್ರಗಳ ಬಿಯೆನಾಲೆ, ಅಂದರೆ ಕೆಲವು ವರ್ಷಗಳಿಗೊಮ್ಮೆ ಬರುವ ಕಲಾ ಹಬ್ಬ, ನಡೆದಾಗ ಚಿತ್ರಗಳನ್ನು ಉದ್ಯಾನಗಳಲ್ಲಿ, ನಗರ ರೈಲಿನ ನಿಲ್ದಾಣಗಳಲ್ಲಿ ನಿಲ್ಲಿಸಿದ್ದರು. ಟಿಕೆಟ್ ಕೊಂಡು ಒಳಗೆ ಹೋಗುವ ಕಲಾ ಗ್ಯಾಲರಿಯ ಮರ್ಯಾದೆ, ಮೌನ, ಹವಾನಿಯಂತ್ರಣ ಯಾವುದೂ ಇರಲಿಲ್ಲ. ನಿಲ್ದಾಣದ ಕಾಂಕ್ರೀಟ್ ಕಂಬಗಳ ನಡುವೆ, ಹೂ ಮಾರುವವರು ಓಡಾಡುವ ದಾರಿಯಲ್ಲಿ ಚಿತ್ರಗಳಿದ್ದವು. 2019ರ ಎರಡನೆಯ ಆವೃತ್ತಿಯ ಕಲಾ ನಿರ್ದೇಶನ ನಮ್ಮ ಬೆಂಗಳೂರಿನ ಪುಷ್ಪಮಾಲಾ ಎನ್. ಅವರದಾಗಿತ್ತು. ತಮ್ಮನ್ನೇ ನಾನಾ ವೇಷಗಳಲ್ಲಿ ಚಿತ್ರಿಸಿಕೊಂಡು, ದಕ್ಷಿಣ ಭಾರತದ ಹೆಣ್ಣನ್ನು ಕ್ಯಾಲೆಂಡರು, ಸಿನಿಮಾ, ವಸಾಹತು ಕಾಲದ ಜನಾಂಗ ಅಧ್ಯಯನಗಳೆಲ್ಲ ಹೇಗೆ ನೋಡಿದವು ಎಂಬುದನ್ನು ಅಣಕಿಸಿದ ಕಲಾವಿದೆ ಅವರು. ನಮ್ಮವರೊಬ್ಬರು ಪಕ್ಕದ ರಾಜ್ಯದ ಹಬ್ಬವನ್ನು ನಡೆಸಿಕೊಟ್ಟರೆಂದು ಹೆಮ್ಮೆಪಟ್ಟೆ. ಅವರು ನಡೆಸಬಹುದಾದ ಅಂಥ ಹಬ್ಬ ನಮ್ಮ ಜಿಲ್ಲೆಗಳಲ್ಲಿ ಒಂದೂ ಇಲ್ಲವಲ್ಲ ಎಂಬುದು ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ. 2024ರ ಡಿಸೆಂಬರಿನಲ್ಲಿ ಆರಂಭವಾದ ನಾಲ್ಕನೆಯ ಆವೃತ್ತಿಗೆ ಬಿಯೆನಾಲೆಯವರು ಇಟ್ಟುಕೊಂಡ ತಲೆಬರಹವೇ ‘ಏಕೆ ಚಿತ್ರ ತೆಗೆಯಬೇಕು?’ ಎಂಬ ಅರ್ಥದ ಪ್ರಶ್ನೆ.

ಈಗ ನಮ್ಮ ಊರಿನ ಗೋಡೆಗಳನ್ನು ನೋಡಿ. ಬಂಗಾರಪೇಟೆಯಲ್ಲಿ ರೈಲಿಳಿದು ಬಸ್ಸಿನಲ್ಲಿ ಕೋಲಾರಕ್ಕೆ ಬರುವಷ್ಟರಲ್ಲಿ ನಾನು ನೂರಾರು ಮುಖಗಳನ್ನು ನೋಡಿರುತ್ತೇನೆ, ಎಲ್ಲವೂ ಫ್ಲೆಕ್ಸ್‌ನಲ್ಲಿ. ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು, ಸುಸ್ವಾಗತ, ಭಾವಪೂರ್ಣ ಶ್ರದ್ಧಾಂಜಲಿ. ಮಧ್ಯದಲ್ಲಿ ನಾಯಕರು, ಸುತ್ತ ಅಂಚೆಚೀಟಿಯ ಗಾತ್ರದಲ್ಲಿ ಶುಭ ಕೋರುವವರು, ಎಲ್ಲರಿಗೂ ಒಂದೇ ಬಿಳಿ ಅಂಗಿ, ಎಲ್ಲರ ಕೈಯಲ್ಲೂ ಫೋನು. ಈ ಮುಖಗಳನ್ನು ತೆಗೆದವರು ನಮ್ಮ ಹುಡುಗರೇ. ನನ್ನ ಅಕ್ಕನ ಮಗನ ಚಿತ್ರ ಕೋಲಾರದ ಬೀದಿಯಲ್ಲಿ ಪ್ರದರ್ಶನಗೊಂಡಿಲ್ಲ ಎಂದು ನಾನು ಹೇಳುವುದೂ ಆ ಲೆಕ್ಕದಲ್ಲಿ ಸುಳ್ಳೇ. ಕಳೆದ ಚುನಾವಣೆಯಲ್ಲಿ ಅವನು ತೆಗೆದ ಒಬ್ಬ ಉಮೇದುವಾರರ ಕೈಮುಗಿದ ಚಿತ್ರ ಪ್ರತಿ ವೃತ್ತದಲ್ಲೂ ಇಪ್ಪತ್ತಡಿ ಎತ್ತರಕ್ಕೆ ನಿಂತಿತ್ತಂತೆ. ಮಂಡಿಯ ಅಜ್ಜಿಗೆ ಎರಡಡಿ ಜಾಗ ಸಿಗಲಿಲ್ಲ.

ಸಿಗಲಿಲ್ಲ ಎಂದು ನಾನು ಸುಮ್ಮನೆ ಹೇಳುತ್ತಿಲ್ಲ. ಹನ್ನೆರಡು ಚಿತ್ರಗಳನ್ನು ಸ್ವಂತ ಖರ್ಚಿನಲ್ಲಿ ಬೆಂಗಳೂರಿನಲ್ಲಿ ಮುದ್ರಿಸಿಕೊಂಡು ಬಂದು, ಒಂದು ಸಭಾಂಗಣವನ್ನು ಎರಡು ದಿನದ ಮಟ್ಟಿಗೆ ಕೊಡಿ ಎಂದು ಅವನು ಅರ್ಜಿ ಹಿಡಿದು ಹೋಗಿದ್ದ. ಮೇಜಿನ ಹಿಂದಿದ್ದವರು ಚಿತ್ರಗಳನ್ನು ಬಿಚ್ಚಿ ನೋಡಲಿಲ್ಲ. “ಉದ್ಘಾಟಕರು ಯಾರು?” ಎಂದರು. ಯಾರೂ ಇಲ್ಲ ಎಂದನಂತೆ. “ಅಧ್ಯಕ್ಷತೆ?” ಅದೂ ಇಲ್ಲ. “ಹಾಗಾದರೆ ಕಾರ್ಯಕ್ರಮ ಎಂದು ಹೇಗೆ ಬರೆದುಕೊಳ್ಳುವುದು?” ಎಂದು ಅವರು ನಿಜವಾಗಿಯೂ ಪೇಚಾಡಿದರಂತೆ. ಈ ಭಾಗವನ್ನು ಹೇಳುವಾಗ ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ದೀಪ ಹಚ್ಚುವುದು, ಶಾಲು ಹೊದಿಸುವುದು, ಮೈಸೂರು ಪೇಟ ತೊಡಿಸುವುದು ಇಲ್ಲದೆ ಒಂದು ಚಿತ್ರವನ್ನು ಬರಿದೇ ನೋಡಬಹುದು ಎಂಬುದು ನಮ್ಮ ಕಚೇರಿಗಳಿಗೆ ತೋಚುವುದೇ ಇಲ್ಲ.

ಕೊನೆಗೆ ಆ ಚಿತ್ರಗಳು ಹೊರಗೆ ಬಂದದ್ದು ಒಂದು ಆಗಸ್ಟ್ 19ರಂದು, ಛಾಯಾಗ್ರಹಣ ದಿನಾಚರಣೆಯಲ್ಲಿ. 1839ರ ಆ ದಿನ ಪ್ಯಾರಿಸ್ಸಿನಲ್ಲಿ ಡಗೇರ್ ಅವರು ಕಂಡುಹಿಡಿದ ಛಾಯಾಚಿತ್ರ ತೆಗೆಯುವ ವಿಧಾನವನ್ನು ಜಗತ್ತಿಗೆ ಬಿಚ್ಚಿ ತೋರಿಸಿದರೆಂದು ನಮ್ಮ ತಾಲ್ಲೂಕುಗಳ ಸ್ಟುಡಿಯೊಗಳವರು ಕೂಡ ಪ್ರತಿವರ್ಷ ಅಂಗಡಿಗೆ ಬಾಗಿಲು ಹಾಕಿ ಒಟ್ಟು ಸೇರುತ್ತಾರೆ. ನಾನು ಅಂದು ರಜೆಯ ಮೇಲೆ ಊರಿನಲ್ಲಿದ್ದೆ. ಕಲ್ಯಾಣ ಮಂಟಪದಲ್ಲಿ ರಕ್ತದಾನ ಶಿಬಿರ, ಹಿರಿಯ ಛಾಯಾಗ್ರಾಹಕರಿಗೆ ಸನ್ಮಾನ, ಬಿಸಿಬೇಳೆಬಾತ್, ಮೊಸರನ್ನ. ಒಂದು ಮೂಲೆಯಲ್ಲಿ ಕ್ಯಾಮೆರಾ ಮಾರುವವರ ಮಳಿಗೆ. ಹೊಸ ಮಿರರ್‌ಲೆಸ್ ಕ್ಯಾಮೆರಾ ಕತ್ತಲಿನಲ್ಲಿಯೂ ಕಣ್ಣನ್ನು ಹೇಗೆ ತಾನೇ ಹುಡುಕಿ ಹಿಡಿಯುತ್ತದೆ ಎಂಬುದನ್ನು ತೋರಿಸುತ್ತಿದ್ದರು, ಹುಡುಗರೆಲ್ಲ ಅಲ್ಲಿ ಮುಗಿಬಿದ್ದಿದ್ದರು. ಇನ್ನೊಂದು ಮೂಲೆಯಲ್ಲಿ, ಕೈತೊಳೆಯುವ ಜಾಗಕ್ಕೆ ಹೋಗುವ ದಾರಿಯಲ್ಲಿ, ಶಾಮಿಯಾನದ ಬಟ್ಟೆಗೆ ಪಿನ್ನು ಚುಚ್ಚಿ ಹನ್ನೆರಡು ಚಿತ್ರಗಳನ್ನು ತೂಗುಹಾಕಿದ್ದರು. ಫ್ಯಾನಿನ ಗಾಳಿಗೆ ಅವು ಅಲುಗಾಡುತ್ತಿದ್ದವು. ಎಲೆ ಎತ್ತಿ ಕೈತೊಳೆಯಲು ಹೋಗುವವರು ಒಮ್ಮೆ ಕಣ್ಣು ಹಾಯಿಸಿ, “ಯಾವ ಕ್ಯಾಮೆರಾ?” ಎನ್ನುತ್ತಿದ್ದರು. ತುಸು ಹತ್ತಿರದವರು, “ಇದಕ್ಕೆ ಎಷ್ಟು ಕೊಡುತ್ತಾರೆ?” ಎನ್ನುತ್ತಿದ್ದರು.

ಈ ಎರಡು ಪ್ರಶ್ನೆಗಳನ್ನು ಬಿಟ್ಟು ಮೂರನೆಯದನ್ನು ನಮ್ಮ ಕಡೆಯ ಯುವ ಛಾಯಾಗ್ರಾಹಕ ಕೇಳಿಸಿಕೊಳ್ಳುವುದೇ ಇಲ್ಲ. ಅಮ್ಮನ ತಾಳಿಯ ಚಿತ್ರ ತೆಗೆದ, ಉತ್ತರ ಚೆನ್ನೈನ ವ್ಯಾಸರಪಾಡಿಯ ಕಡೆಯ ಆ ಹುಡುಗಿಯನ್ನು ಯಾರೋ ಕೂರಿಸಿಕೊಂಡು, ನೀನು ಇದನ್ನೇ ಏಕೆ ತೆಗೆದೆ ಎಂದು ಹತ್ತು ಸಲ ಕೇಳಿರಬೇಕು. ಅದಕ್ಕೇ ಅವಳು ನನ್ನನ್ನು ಕೇಳಬಲ್ಲವಳಾದಳು. ಅಕ್ಕನ ಮಗನನ್ನು ನಾನೂ ಕೇಳಿರಲಿಲ್ಲವಲ್ಲ.

ತಮಿಳುನಾಡಿನ ಹೊಸ ತಲೆಮಾರಿನವರು ಹೆಚ್ಚಾಗಿ ತಮ್ಮ ಹೊಸ್ತಿಲಿನಿಂದಲೇ ಆರಂಭಿಸಿದ್ದಾರೆ ಎಂಬುದು ನನಗೆ ಕಂಡ ಇನ್ನೊಂದು ವ್ಯತ್ಯಾಸ, ಮೇಲಿನದಕ್ಕೇ ಹೊಂದಿಕೊಂಡದ್ದು. ಮಧುರೈ ಕಡೆಯ ಪಳನಿ ಕುಮಾರ್ ಮೀನು ಮಾರುವ ತಾಯಿಯ ಮಗ. ಮಲದ ಗುಂಡಿಗೆ ಇಳಿಯುವ ಕಾರ್ಮಿಕರನ್ನೂ ಸತ್ತವರ ಮನೆಗಳನ್ನೂ ವರ್ಷಗಟ್ಟಲೆ ಚಿತ್ರಿಸಿದವರು, ತಮ್ಮ ತಾಯಿಯ ದುಡಿಮೆಯನ್ನೂ ಚಿತ್ರಿಸಿದವರು. 2022ರಲ್ಲಿ ಛಾಯಾಗ್ರಹಣದ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಪಡೆದ ದಯಾನಿತಾ ಸಿಂಗ್, ಪತ್ರಕರ್ತ ಪಿ. ಸಾಯಿನಾಥ್ ಅವರು ಕಟ್ಟಿದ, ಹಳ್ಳಿಗಳ ಬದುಕನ್ನು ದಾಖಲಿಸುವ ಜಾಲತಾಣ ‘ಪರಿ’ಯೊಂದಿಗೆ ಸೇರಿ ಸಾಕ್ಷ್ಯ ಛಾಯಾಗ್ರಹಣಕ್ಕೆ ಪ್ರಶಸ್ತಿಯೊಂದನ್ನು ಆರಂಭಿಸಿದಾಗ ಮೊದಲನೆಯದು ಸಂದದ್ದು ಪಳನಿ ಕುಮಾರ್ ಅವರಿಗೆ. ಅವರು ಈಗ ಮೀನುಗಾರರ, ಪೌರಕಾರ್ಮಿಕರ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು ಕಲಿಸುತ್ತಿದ್ದಾರೆ. ವಾಡಿಪಟ್ಟಿಯ ಜೈಸಿಂಗ್ ನಾಗೇಶ್ವರನ್ ಲಾಕ್‌ಡೌನಿನಲ್ಲಿ ಮನೆ ಸೇರಿಕೊಂಡಾಗ ತಮ್ಮ ಮನೆಯವರನ್ನೇ ಚಿತ್ರಿಸುತ್ತ, ದಲಿತ ಕುಟುಂಬವೊಂದರ ನಾಲ್ಕು ಗೋಡೆಗಳೊಳಗಿನ ಬದುಕನ್ನು ಅಕ್ಕರೆಯಿಂದ ತೋರಿಸಿದರು. ಇವರಿಬ್ಬರಲ್ಲಿ ಯಾರೂ ಬೆಳಕಿನ ಚಮತ್ಕಾರಕ್ಕಾಗಿ ದೂರದ ಬೆಟ್ಟಕ್ಕೆ ಹೋಗಲಿಲ್ಲ.

ನಮ್ಮಲ್ಲಿ ವಸ್ತುವಿಗೇನು ಬರ? 2001ರ ಫೆಬ್ರವರಿ 28ರಂದು ಮುಚ್ಚಿದ ಗಣಿಯ ಊರಿನಲ್ಲಿ, ಗಣಿಯನ್ನು ಕಣ್ಣಿನಿಂದ ಕಾಣದ ಒಂದು ತಲೆಮಾರು ಈಗ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತದೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಸೈನೈಡ್ ದಿಬ್ಬಗಳ ಮೇಲೆ ಸಿನಿಮಾದವರು ಹೊಡೆದಾಟ ತೆಗೆದು ಹೋಗುತ್ತಾರೆ. ಗಾಳಿ ಬೀಸಿದಾಗ ಆ ದೂಳು ಯಾರ ಮನೆಯ ಅಟ್ಟದ ಮೇಲೆ ಕೂರುತ್ತದೆ ಎಂಬ ಚಿತ್ರ ನನಗೆ ಕಂಡಿಲ್ಲ. 2018ರಿಂದ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಗೊಂಡು ಕೆ.ಸಿ. ವ್ಯಾಲಿ ಯೋಜನೆಯ ಕೊಳವೆಗಳಲ್ಲಿ ನಮ್ಮ ಒಣಗಿದ ಕೆರೆಗಳಿಗೆ ಬರುತ್ತಿದೆ. ಕೋಡಿ ಹರಿಯುವುದನ್ನೇ ಕಂಡಿರದ ಮಕ್ಕಳು ಕೆರೆ ತುಂಬಿದ್ದನ್ನು ಕಂಡರು. ಅದೇ ನೀರನ್ನು ಮೂಸಿ ನೋಡಿ ಹಿಂದೆ ಸರಿದ ಅಜ್ಜಂದಿರೂ ಇದ್ದಾರೆ. ಒಂದೇ ಏರಿಯ ಮೇಲೆ ಹತ್ತು ವರ್ಷ ನಿಂತು ತೆಗೆಯಬಹುದಾದ ಕೆಲಸ ಇದು. ಇದನ್ನು ಹೊರಗಿನವನು ಬಂದು ಮೂರು ದಿನದಲ್ಲಿ ತೆಗೆಯಲಾರ. ಊರಿನ ಹುಡುಗ ತೆಗೆಯಬಲ್ಲ, ಆದರೆ ಶನಿವಾರ ಭಾನುವಾರ ಅವನು ಆವಲಬೆಟ್ಟದಲ್ಲಿ ಸೆರಗು ಹಾರಿಸುತ್ತಿರುತ್ತಾನೆ.

ಕರ್ನಾಟಕದಲ್ಲಿ ಛಾಯಾಗ್ರಹಣದ ಪರಂಪರೆಯೇ ಇಲ್ಲ ಎಂದು ನಾನು ಹೇಳಿದರೆ ನಾಲಿಗೆ ಬಿದ್ದುಹೋದೀತು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ, ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಬೆಂಗಳೂರಿನ ಯೂತ್ ಫೋಟೊಗ್ರಾಫಿಕ್ ಸೊಸೈಟಿಗೆ ಐವತ್ತು ವರ್ಷ ದಾಟಿದೆ, ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ ಅವರಂಥವರನ್ನು ನೋಡಿ ಎಷ್ಟೋ ಜನ ಹಕ್ಕಿಯ ಗೂಡಿನ ಮುಂದೆ ದಿನಗಟ್ಟಲೆ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತರು. ಆದರೆ ಕ್ಲಬ್ಬುಗಳು ನಡೆಸುವ, ಸಲೂನ್ ಎಂದು ಕರೆಯುವ ಛಾಯಾಚಿತ್ರ ಸ್ಪರ್ಧೆಗಳಲ್ಲಿ ಅಂಕ, ಪದಕ, ಹೆಸರಿನ ಮುಂದೆ ಹಚ್ಚಿಕೊಳ್ಳುವ ಅಕ್ಷರಗಳು ಇವೇ ಗುರಿಯಾಗಿ, ಒಂಟಿ ಮರ, ಮಂಜು, ಬೀಡಿ ಸೇದುವ ಮುದುಕನ ಸುಕ್ಕು, ದೂಳಿನ ಕಿರಣದಲ್ಲಿ ಕುರಿಮಂದೆ ಇವೇ ಮತ್ತೆ ಮತ್ತೆ ಬಂದವು ಎಂದು ನನಗೆ ಅನ್ನಿಸುತ್ತದೆ. ಇದಕ್ಕೆ ಹೊರತಾದವರೂ ಇದ್ದಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಿದ್ದುಕೊಂಡೇ ಕ್ಯಾಮೆರಾ ಹಿಡಿದ ಕಾಪ್ ಶಿವ, ಮೈಗೆಲ್ಲ ಬೆಳ್ಳಿಬಣ್ಣ ಬಳಿದುಕೊಂಡು ಹಳ್ಳಿಗಳಲ್ಲಿ ಗಾಂಧಿಯಾಗಿ ನಿಲ್ಲುವ ಶಾಲಾ ಮೇಷ್ಟರು ಬಗಡೇಹಳ್ಳಿ ಬಸವರಾಜರ ಚಿತ್ರಗಳಿಂದಲೇ ದೇಶವಿದೇಶಗಳ ಗ್ಯಾಲರಿಗಳಿಗೆ ಹೋದರು. 2023ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಗ್ರಹಣದ ವಸ್ತುಸಂಗ್ರಹಾಲಯ ‘ಮ್ಯಾಪ್’ ಬಾಗಿಲು ತೆರೆಯಿತು. ಕೋಲಾರದಿಂದ ಅಲ್ಲಿಗೆ ಸುಮಾರು 70 ಕಿಲೋಮೀಟರು. ಆಲ್ಬಂ ಮುದ್ರಣಕ್ಕೆಂದು, ಲೆನ್ಸ್ ಬಾಡಿಗೆಗೆಂದು ತಿಂಗಳಿಗೆರಡು ಸಲ ಬೆಂಗಳೂರಿಗೆ ಹೋಗುವ ಅಕ್ಕನ ಮಗನನ್ನು, ಅಲ್ಲಿಗೆ ಹೋಗಿದ್ದೀಯಾ ಎಂದು ಕೇಳಿದೆ. “ನಮ್ಮಂಥವರನ್ನು ಒಳಗೆ ಬಿಡುತ್ತಾರಾ ಮಾವ?” ಎಂದ. ಬಿಡುತ್ತಾರೆ ಎಂದು ನನಗೆ ಗೊತ್ತು. ಹಾಗೆ ಕೇಳುವಂತೆ ಅವನನ್ನು ಬೆಳೆಸಿದವರು ಯಾರು ಎಂಬುದೇ ನನಗೆ ಬಗೆಹರಿಯುತ್ತಿಲ್ಲ.

ಇನ್ನು ಯಂತ್ರವೇ ಚಿತ್ರ ಬರೆದುಕೊಡುವ ಕಾಲ ಬಂದಿದೆ, ಫೋಟೋಗೆ ಭವಿಷ್ಯವೇ ಇಲ್ಲ ಎಂದು ಆ ದಿನಾಚರಣೆಯ ವೇದಿಕೆಯ ಮೇಲಿದ್ದವರೆಲ್ಲ ಗೋಳಾಡಿದರು. 2023ರಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್, ಸೋನಿ ವಿಶ್ವ ಛಾಯಾಗ್ರಹಣ ಸ್ಪರ್ಧೆಯಲ್ಲಿ ಗೆದ್ದ ತಮ್ಮ ಚಿತ್ರವು ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದೆಂದು ಹೇಳಿ ಪ್ರಶಸ್ತಿಯನ್ನು ನಿರಾಕರಿಸಿದ್ದನ್ನು ಒಬ್ಬರು ನೆನಪಿಸಿದರು. ನನಗೆ ಅಷ್ಟು ಗಾಬರಿಯಿಲ್ಲ. ನಮ್ಮ ಸ್ಟುಡಿಯೊಗಳು ಸುಳ್ಳು ಚಿತ್ರಗಳನ್ನು ಯಾವಾಗ ಮಾಡಲಿಲ್ಲ? ನನ್ನ ಅಪ್ಪ ಅಮ್ಮ ಮದುವೆಯಾದ ತಿಂಗಳಲ್ಲಿ ಬಣ್ಣ ಬಳಿದ ಪರದೆಯ ತಾಜ್ ಮಹಲಿನ ಮುಂದೆ ನಿಂತಿದ್ದಾರೆ. ಅವರು ಕೊನೆಯವರೆಗೂ ತಿರುಪತಿಯ ಆಚೆಗೆ ಹೋದವರಲ್ಲ. ತೀರಿಕೊಂಡ ತಾತನ ತಲೆಯನ್ನು ಬೇರೆಯವರ ಕೋಟಿನ ಮೇಲೆ ಕೂರಿಸಿ ತಿಥಿಯ ಹೊತ್ತಿಗೆ ಚೌಕಟ್ಟು ಹಾಕಿಕೊಡುವ ಕೈಚಳಕ ನಮ್ಮಲ್ಲಿ ಮೊದಲಿನಿಂದಲೂ ಇತ್ತು. ಸೆರಗು ಹಾರಿಸುವ ಚಿತ್ರಕ್ಕೆ ಯಂತ್ರದಿಂದ ಪೆಟ್ಟು ಬೀಳುವುದು ಖಂಡಿತ. ಬೆಟ್ಟವನ್ನೂ ಗಾಳಿಯನ್ನೂ ಅದು ಕೂತಲ್ಲೇ ಕೊಡುತ್ತದೆ. ಮಂಡಿಯ ಅಜ್ಜಿಯನ್ನೂ ಅದು ಬರೆದುಕೊಟ್ಟೀತು, ಇನ್ನೂ ಸುಂದರವಾಗಿಯೇ. ಎರಡು ತಿಂಗಳ ನಂತರ ಅವಳ ಮಡಿಲು ಖಾಲಿಯಿತ್ತು ಎಂಬುದನ್ನು ಮಾತ್ರ ಮತ್ತೆ ಹೋಗಿ ನೋಡಿದವನೇ ಹೇಳಬೇಕು. ಹೀಗೆ ಮತ್ತೆ ಮತ್ತೆ ಹೋಗುವ ಹುಡುಗರು ನಮ್ಮಲ್ಲಿ ಇನ್ನೆಷ್ಟು ದಿನ ಉಳಿಯುತ್ತಾರೆ ಎಂಬುದಷ್ಟೇ ನನ್ನ ಚಿಂತೆ.

ಇಷ್ಟೆಲ್ಲ ಬರೆದ ಮೇಲೆ ಕೆಲವನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಇಲ್ಲದಿದ್ದರೆ ಚೆನ್ನೈನಲ್ಲಿರುವ ಕನ್ನಡದ ಗೆಳೆಯರೇ ನನ್ನನ್ನು ಹಿಡಿದು ಕೇಳುತ್ತಾರೆ. ಮುಗಿಲೆತ್ತರದ ಕಟೌಟುಗಳಿಗೆ ಹೆಸರಾದ ನಾಡು ಈ ತಮಿಳುನಾಡೇ. 2019ರ ಸೆಪ್ಟೆಂಬರಿನಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದ ಬ್ಯಾನರು ಸ್ಕೂಟರಿನ ಮೇಲೆ ಬಿದ್ದು ಇದೇ ಚೆನ್ನೈನಲ್ಲಿ ಒಬ್ಬ ಯುವತಿ ಜೀವ ಕಳೆದುಕೊಂಡಳು. ಬಿಯೆನಾಲೆಗೆ ಜರ್ಮನಿಯ ಗ್ಯೋಥೆ ಸಂಸ್ಥೆಯಂಥವರ ಬೆಂಬಲ ಇಲ್ಲದಿದ್ದರೆ ಅದು ಆರಂಭದಲ್ಲಿ ಕಾಲೂರುತ್ತಿತ್ತೋ ಇಲ್ಲವೋ. ನಿಲ್ದಾಣದಲ್ಲಿ ಚಿತ್ರ ನಿಲ್ಲಿಸಿದರು ಎಂದು ಹಾಡಿಹೊಗಳಿದೆನಲ್ಲ, ಅಲ್ಲಿ ಚಿತ್ರದ ಚೌಕಟ್ಟಿಗೆ ಬೆನ್ನು ಕೊಟ್ಟು ನಿದ್ದೆ ಹೋಗಿದ್ದವರನ್ನೂ ನಾನು ಕಂಡಿದ್ದೇನೆ. ಉಳಿದವರು ರೈಲಿಗೆ ಓಡುತ್ತಿದ್ದರು, ಅವರಲ್ಲಿ ನಾನೂ ಒಬ್ಬ. ಆ ವರ್ಷ ನಾನು ಒಂದು ಚಿತ್ರವನ್ನೂ ನಿಂತು ನೋಡಲಿಲ್ಲ. ನೋಡಿದ್ದು ಬಹಳ ವರ್ಷಗಳ ಮೇಲೆ, ಒಬ್ಬರು ಎಳೆದುಕೊಂಡು ಹೋದಾಗ. ಊರಿನಲ್ಲೇ ಇದ್ದಿದ್ದರೆ ನಾನೂ ಕೈತೊಳೆಯಲು ಹೋಗುತ್ತ “ಯಾವ ಕ್ಯಾಮೆರಾ?” ಎನ್ನುತ್ತಿದ್ದೆನೇನೋ.

ಇನ್ನೊಂದು ಸಂಗತಿಯಿದೆ. ಅದನ್ನು ಹೇಳಿದರೆ ನನ್ನ ವಾದವೇ ಸಡಿಲವಾಗುತ್ತದೆಂದು ಇಲ್ಲಿಯವರೆಗೆ ತಡೆದುಕೊಂಡಿದ್ದೆ. ದಿನಾಚರಣೆಯ ಆ ಶಾಮಿಯಾನದ ಮುಂದೆ ಒಬ್ಬರು ನಿಂತರು. ಹಳೆಯ ಬಸ್ ನಿಲ್ದಾಣದ ಹತ್ತಿರ ಐವತ್ತು ವರ್ಷದಿಂದ ಸ್ಟುಡಿಯೊ ನಡೆಸುತ್ತಿರುವ ಸಾಹೇಬರು. ಅಂದು ಸನ್ಮಾನಗೊಂಡವರಲ್ಲಿ ಅವರೂ ಒಬ್ಬರಾದ್ದರಿಂದ ತಲೆಯ ಮೇಲೆ ಪೇಟ ಹಾಗೇ ಇತ್ತು. ಕನ್ನಡಕವನ್ನು ಹಣೆಗೇರಿಸಿ, ಅಜ್ಜಿಯ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಅಲುಗಾಡದಂತೆ ಕೆಳತುದಿಯನ್ನು ಬೆರಳಿನಿಂದ ಹಿಡಿದುಕೊಂಡು ನೋಡಿದರು. ಆಮೇಲೆ ನನ್ನ ಅಕ್ಕನ ಮಗನ ಕಡೆ ತಿರುಗಿ, “ಈ ಬೆಳಕಿಗೆ ಎಷ್ಟು ಹೊತ್ತು ಕಾದೆ ಮರಿ?” ಎಂದು ಕೇಳಿದರು. ಲಾರಿಯೊಂದು ಹಿಂದಕ್ಕೆ ಬರುವಾಗ ಅದರ ದೀಪ ಅವಳ ಮೇಲೆ ಬೀಳುತ್ತದೆಂದು ಗೊತ್ತಾಗಿ, ನಾಲ್ಕು ಲಾರಿ ಬಿಟ್ಟು ಐದನೆಯದಕ್ಕೆ ತೆಗೆದೆ ಎಂದು ಇವನು ಹೇಳಿದ. ಸಾಹೇಬರು ತಲೆಯಾಡಿಸಿದರು. ಅವರ ಮಾತು ಅಷ್ಟೇ. ಆದರೆ ‘ಏಕೆ’ ಎಂದು ಕೇಳುವವರು ಚೆನ್ನೈನಲ್ಲಿ ಮಾತ್ರ ಇದ್ದಾರೆ ಎಂದು ಬರೆಯುವ ಹಕ್ಕನ್ನು ನಾನು ಆ ಕ್ಷಣಕ್ಕೇ ಕಳೆದುಕೊಂಡೆ.

ಆ ಸಾಹೇಬರ ಅಂಗಡಿಯ ಮುಂದೆ, ರಸ್ತೆಗೆ ಮುಖ ಮಾಡಿ, ಒಂದು ಗಾಜಿನ ಶೋಕೇಸ್ ಇತ್ತು. ಬಸ್ಸಿಗೆ ಕಾಯುವಾಗ ನಾವು ಹುಡುಗರೆಲ್ಲ ಅದರ ಮುಂದೆ ನಿಲ್ಲುತ್ತಿದ್ದೆವು. ಕೈಯಿಂದ ಬಣ್ಣ ಹಚ್ಚಿದ ಮುಖಗಳು, ಬರಿಮೈಯ ಮಗು, ಯಾವುದೋ ಊರಿನ ಶಾನುಭೋಗರು, ಸೇನೆಗೆ ಸೇರಿದ ಹುಡುಗ. ಒಂದು ವರ್ಷ ಅಲ್ಲಿ ನನ್ನ ಅಕ್ಕನೂ ಇದ್ದಳು, ಮೊಗ್ಗಿನ ಜಡೆ ಹಾಕಿಕೊಂಡು ನಿಲುಗನ್ನಡಿಗೆ ಬೆನ್ನು ಮಾಡಿ. ಹೆಣ್ಣುಮಗುವಿನ ಫೋಟೋವನ್ನು ಬೀದಿಗಿಡುವುದೇ ಎಂದು ಅಪ್ಪ ಕೂಗಾಡಿ ಜಗಳಕ್ಕೆ ಹೋದವರು, ಅದರ ಮುಂದೆ ನಿಂತವರ ಮುಖ ನೋಡಿ ಸುಮ್ಮನೆ ಹಿಂದಿರುಗಿದರು. ಆಮೇಲೆ ಪೇಟೆಗೆ ಹೋದಾಗಲೆಲ್ಲ ಅಲ್ಲೊಂದು ನಿಮಿಷ ನಿಂತು ಬರುತ್ತಿದ್ದರೆಂದು ಅಮ್ಮ ಹೇಳುತ್ತಿದ್ದಳು. ಕೋಲಾರದಲ್ಲಿ ಗೋಡೆಯೇ ಇರಲಿಲ್ಲ ಎಂದು ನಾನು ಹೇಗೆ ಹೇಳಲಿ? ಡಿಜಿಟಲ್ ಬಂದ ಮೇಲೆ ಆ ಗಾಜಿನ ಹಿಂದೆ ಪಾಸ್‌ಪೋರ್ಟ್ ಫೋಟೋ, ಆಧಾರ್, ಜೆರಾಕ್ಸ್, ಲ್ಯಾಮಿನೇಶನ್ ಎಂಬ ದರಪಟ್ಟಿ ಬಂದು ಕೂತಿತ್ತು.

ಕಳೆದ ತಿಂಗಳು ಅಕ್ಕನ ಮಗ ಒಂದು ಚಿತ್ರ ಕಳಿಸಿದ. ದರಪಟ್ಟಿಯನ್ನು ಸಾಹೇಬರು ಬಾಗಿಲಿಗೆ ವರ್ಗಾಯಿಸಿದ್ದಾರೆ. ಶೋಕೇಸಿನಲ್ಲಿ ಮಂಡಿಯ ಅಜ್ಜಿಯ ಎರಡು ಚಿತ್ರಗಳು ಅಕ್ಕಪಕ್ಕ ನಿಂತಿವೆ. ಗಾಜಿನ ಮೇಲೆ ಎದುರಿನ ಫ್ಲೆಕ್ಸ್ ಬಿದ್ದು, ಹುಟ್ಟುಹಬ್ಬದ ಶುಭಾಶಯದ ಅಕ್ಷರಗಳು ತಿರುಗುಮುರುಗಾಗಿ ಅಜ್ಜಿಯ ಖಾಲಿ ಮಡಿಲಿನ ಮೇಲೆ ಹರಡಿಕೊಂಡಿವೆ. ಈ ಸಲ ಹೆಬ್ಬೆಟ್ಟು ಒತ್ತದೆ ಫೋನ್ ಮಾಡಿದೆ. ಯಾರಾದರೂ ನೋಡುತ್ತಿದ್ದಾರೇನೋ ಎಂದು ಕೇಳಿದೆ.

“ಪಾಸ್‌ಪೋರ್ಟ್ ಫೋಟೋಗೆ ಬಂದವರು ನಿಂತು ನೋಡುತ್ತಾರೆ ಮಾವ. ಒಬ್ಬರು, ಇದು ನಮ್ಮ ಮಂಡಿ ಅಲ್ಲವೇ, ಈ ಮುದುಕಿ ಇನ್ನೂ ಇದ್ದಾಳಾ ಎಂದು ಕೇಳಿದರು. ಇದ್ದಾಳೆ ಎಂದೆ.”

“ಮತ್ತೆ?”

“ಮತ್ತಿನ್ನೇನು, ಯಾವ ಕ್ಯಾಮೆರಾ ಎಂದರು.”